ಒಂದು ಗೇಣು ಗಾಳಿ

ಊರು ಮುಗಿದು ಗುಡ್ಡ ಶುರುವಾಗುವಲ್ಲಿ ಒಂದು ರಸಾಯನಶಾಸ್ತ್ರದ ಪ್ರಯೋಗಶಾಲೆ ಇತ್ತು. ಹುಡುಗರು ಅದನ್ನು ಮಠ ಅನ್ನುತ್ತಿದ್ದರು. ಒಳಗೆ ಜೋರು ಮಾತಿಲ್ಲ, ಮೊಬೈಲು ಮೊಳಗುವಂತಿಲ್ಲ, ಬೆಳಿಗ್ಗೆ ಮೊದಲು ಬಂದವರು ನೆಲ ಒರೆಸಬೇಕು.

ಅಲ್ಲಿ ಕಲಿಸುತ್ತಿದ್ದವರು ನೀಲಾಂಬಿಕಾ. ದೂರದ ಊರುಗಳಿಂದ ಅವರ ಸಲಹೆ ಕೇಳಿಕೊಂಡು ಜನ ಬರುತ್ತಿದ್ದರು. ಆದರೂ ಹಳ್ಳಿ ಶಾಲೆಯ ಮಕ್ಕಳು ಕರೆಯುವ ಹಾಗೆ ಶಿಷ್ಯರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಅವರಿಗೂ ಅದೇ ಇಷ್ಟವಾಗಿತ್ತು.

ಅವರಲ್ಲಿಗೆ ಮೈಲಾರಿ ಎಂಬ ತರುಣ ಕಲಿಯಲು ಬಂದ.

"ಏನ್ ಮಾಡಬೇಕಂತೀ?" ಅಕ್ಕೋರು ಕೇಳಿದರು.

"ಹೊಸಾ ಫಾಸ್ಫೀನ್ ಮಾಡ್ತೀನ್ರಿ. ಅದನ್ನ ಪಲ್ಲೇಡಿಯಂ ಲೋಹಕ್ಕ ಕೂಡಸ್ತೀನಿ."

"ಕೂಡಿಸಿ?"

"ಅವೆರಡೂ ಕೂಡಿದ್ರ, ತಮ್ಮಷ್ಟಕ್ಕ ತಾವು ಕೂಡಲಾರದ ಇಂಗಾಲಗಳನ್ನ ಕೂಡಸ್ತಾವ್ರಿ. ಔಷಧ ಮಾಡೂದಕ್ಕ ಉಪಯೋಗ ಬರ್ತೈತಿ."

"ಚಲೋ ಓದಕೊಂಡ ಬಂದೀ." ಅಕ್ಕೋರು ಒಂದು ಗಾಜಿನ ನಲ್ಲಿ ಬಿಚ್ಚಿ ಅವನ ಅಂಗೈಯಲ್ಲಿಟ್ಟರು. "ಇದನ್ನ ಒರಸು. ಗ್ರೀಸ್ ಹಚ್ಚು. ತಿರುಗಿ ಕೂಡಿಸು."

ಒರೆಸಿದ, ಹಚ್ಚಿದ, ಕೂಡಿಸಿದ. ಅಕ್ಕೋರು ಬೆಳಕಿಗೆ ಹಿಡಿದು ನೋಡಿದರು. ಗ್ರೀಸಿನೊಳಗೆ ಕೂದಲೆಳೆಯಷ್ಟು ಒಂದು ಗೆರೆ ಕಂಡಿತು. ಮತ್ತೆ ಬಿಚ್ಚಿಸಿದರು.

ಮಳೆಗಾಲ ಹಾಗೇ ಕಳೆಯಿತು.

"ಅಕ್ಕೋರ, ಕೆಮಿಸ್ಟ್ರಿ ಯಾವಾಗ ಶುರು ಮಾಡೂದ್ರಿ?"

"ಇಷ್ಟ್ ದಿನ ಏನ್ ರೊಟ್ಟಿ ಬಡಿಯಾಕತ್ತಿದ್ದಿ?"

ಆಮೇಲೆ ಅಂಗಡಿಯ ಫಾಸ್ಫೀನ್ ಕೈಗೆ ಬಂತು. ಡಬ್ಬಿಯಲ್ಲಿ ಬರುವ, ರಂಜಕ ಇರುವ ಬಿಳಿ ಪುಡಿ ಅದು. ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿದ್ದರೂ ಅದಕ್ಕೇನೂ ಆಗುವುದಿಲ್ಲ. ಗಾಳಿಗೆ ಅಷ್ಟಾಗಿ ಅಂಜದ ಕಾರಣ ಹೊಸಬರು ಅದರ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಪಲ್ಲೇಡಿಯಂ ಜೊತೆ ಅದು ಸೇರಿದರೆ ನಿಂಬೆ ಬಣ್ಣದ ಪುಡಿ ತಳಕ್ಕೆ ಕೂರುತ್ತದೆ. ಮೈಲಾರಿಗೂ ಕೂತಿತು.

ಕೊನೆಗೆ ಅವನು ತನ್ನದೇ ಫಾಸ್ಫೀನಿಗೆ ಕೈ ಹಾಕಿದ. ಹಿಂದೆ ಯಾರೂ ಮಾಡಿರದಂಥದ್ದು.

ಅದು ಡಬ್ಬಿಯ ಸಾಧು ಫಾಸ್ಫೀನಿನ ಜಾತಿಯದಾಗಿರಲಿಲ್ಲ. ಡ್ರೈ ಐಸಿನ ತಣುಪಿನಲ್ಲಿ, ನೈಟ್ರೋಜನ್ನಿನ ಮರೆಯಲ್ಲಿ ಹನಿ ಹನಿಯಾಗಿ ಕೂಡಿಸಬೇಕು. ಎಲ್ಲೋ ಒಂದು ನಲ್ಲಿ ಸಡಿಲವಾದರೂ ಸಾಕು, ಗಾಳಿಯ ಆಮ್ಲಜನಕ ಹಿಡಿದುಕೊಂಡು ಆಕ್ಸೈಡ್ ಆಗಿ ಕೂತುಬಿಡುತ್ತದೆ. ಆಮೇಲೆ ಅದು ಪಲ್ಲೇಡಿಯಂ ಕಡೆ ತಿರುಗಿಯೂ ನೋಡುವುದಿಲ್ಲ.

ಮತ್ತೆ ಮತ್ತೆ ಆಕ್ಸೈಡ್ ಬಂತು. ಕೊಳೆತ ಬೆಳ್ಳುಳ್ಳಿಯ ವಾಸನೆ ಅವನ ಅಂಗಿಗೆ ಹತ್ತಿಕೊಂಡು, ಮೆಸ್ಸಿನಲ್ಲಿ ಅವನ ಪಕ್ಕದವರು ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗತೊಡಗಿದರು.

ಒಂದು ಮಧ್ಯಾಹ್ನ ಅವನ ತಾಳ್ಮೆ ತಪ್ಪಿತು.

"ಇದು ಬಾಳ ಸಿಡಕ ಐತ್ರಿ ಅಕ್ಕೋರ. ಗಾಳಿ ಕಂಡ್ರ ಆಗೂದಿಲ್ಲ ಇದಕ್ಕ."

"ಸಿಡಕ ಅಲ್ಲೋ. ಅದರ ಕೈಯಾಗ ಒಂದ ಜೋಡಿ ಎಲೆಕ್ಟ್ರಾನ್ ಐತಿ. ಯಾರಿಗರೆ ಕೊಡಬೇಕು ಅಂತ ಹಿಡಕೊಂಡ ನಿಂತೈತಿ. ಮೊದಲ ಕೈ ಚಾಚಿದವರಿಗೆ ಕೊಟ್ಟ ಬಿಡ್ತೈತಿ. ಗಾಳಿ ಯಾವಾಗ್ಲೂ ಮೊದಲ ಬರ್ತೈತಿ."

"ಹಂಗಾದ್ರ ನಾ ಏನ್ ಮಾಡ್ಲಿ?"

"ಪಲ್ಲೇಡಿಯಂ ಬರೂತನಕ ಗಾಳಿನ ಹೊರಗ ನಿಲ್ಲಸು. ಅಷ್ಟ ನಮ್ಮ ಕೆಲಸ."

ಅವನು ಮರುದಿನ ಎಲ್ಲ ನಲ್ಲಿಗಳನ್ನೂ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿದ. ಈ ಸಲ ಯಾರೂ ಹೇಳಿರಲಿಲ್ಲ.

ಮುಂದಿನ ಬೇಸಿಗೆಗೆ ಫಾಸ್ಫೀನ್ ಬಂತು. ಸಕ್ಕರೆ ಹರಳಿನಂಥ ಬಿಳಿ ಹರಳು, ತಳ ಮುಚ್ಚುವಷ್ಟು ಮಾತ್ರ. ರಂಜಕ ಯಾವ ಸ್ಥಿತಿಯಲ್ಲಿದೆ ಎಂದು ತೋರಿಸುವ ಯಂತ್ರದಲ್ಲಿ ಒಂದೇ ಒಂದು ಗೆರೆ ಎದ್ದಿತು. ಆಕ್ಸೈಡಿನ ಗೆರೆ ಇರಬೇಕಾದ ಜಾಗ ಖಾಲಿ.

ಮೈಲಾರಿ ಯಂತ್ರ ಬರೆದುಕೊಟ್ಟ ಕಾಗದ ಹಿಡಿದುಕೊಂಡು ಸ್ವಲ್ಪ ಅತ್ತ.

ಅಕ್ಕೋರು ನೋಡಿಯೂ ನೋಡದವರಂತೆ ಕಿಟಕಿಯ ಕಡೆ ತಿರುಗಿದರು. "ಎರಡ ಪಾಲು ಮಾಡಿ ಇಡು. ಎಲ್ಲಾನೂ ಒಂದ ಫ್ಲಾಸ್ಕಿನ್ಯಾಗ ಹಾಕಬ್ಯಾಡ."

ಅವನು ಎರಡು ಪಾಲು ಮಾಡಿಟ್ಟ. ಇನ್ನೊಮ್ಮೆ ಅಷ್ಟು ಮಾಡಲು ಇನ್ನೊಂದು ವರ್ಷವೇ ಬೇಕು. ಅವನ ಫೆಲೋಶಿಪ್ ಈ ಮಳೆಗಾಲಕ್ಕೇ ಮುಗಿಯುವುದಿತ್ತು. ಆ ಎರಡು ಪಾಲೇ ಅವನ ಆಸ್ತಿ.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಶಿಷ್ಯ ಮಾಡಿದ ಮೊದಲ ಫಾಸ್ಫೀನನ್ನು ಪಲ್ಲೇಡಿಯಂಗೆ ಕೂಡಿಸುವುದು ಗುರುವಿನ ಕೈ. ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸುತ್ತಾರಲ್ಲ, ಹುಡುಗರು ಅದನ್ನು ಹಾಗೇ ಕಾಣುತ್ತಿದ್ದರು. ಅವತ್ತು ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಪೇಡೆ ತಂದಿಟ್ಟು ಕಾಯುತ್ತಿದ್ದರು.

ಕೆಲಸ ಇಷ್ಟೇ. ಮೇಜಿನ ಮೇಲೆ ಎರಡು ಫ್ಲಾಸ್ಕು. ಒಂದರಲ್ಲಿ ಕರಗಿಸಿದ ಫಾಸ್ಫೀನ್, ಇನ್ನೊಂದರಲ್ಲಿ ಕರಗಿಸಿದ ಪಲ್ಲೇಡಿಯಂ. ನಡುವೆ ಒಂದು ಗೇಣು. ಸಿರಿಂಜಿನಿಂದ ಇಲ್ಲಿ ಎಳೆದುಕೊಂಡು, ಸೂಜಿಯನ್ನು ಈ ರಬ್ಬರ್ ಬಿರಡೆಯಿಂದ ತೆಗೆದು, ಆ ಬಿರಡೆಗೆ ಚುಚ್ಚಬೇಕು. ಆ ಒಂದು ಗೇಣು ದಾಟುವಾಗ ಮಾತ್ರ ಸೂಜಿಯ ತುದಿ ಬಯಲಲ್ಲಿರುತ್ತದೆ. ಪಳಗಿದ ಕೈಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅಕ್ಕೋರ ಕೈ ಅದನ್ನು ಎಷ್ಟು ಸಲ ದಾಟಿದೆ ಎಂದು ಲೆಕ್ಕ ಇಟ್ಟವರಿಲ್ಲ.

ಮೈಲಾರಿ ತಲೆ ಬಾಚಿಕೊಂಡು ಬಂದು ಮೊದಲ ಪಾಲನ್ನು ಕರಗಿಸಿ ಕೊಟ್ಟ.

ಅಕ್ಕೋರು ಎಳೆದರು. ಸೂಜಿ ಹೊರಗೆ ಬಂತು.

ಆಗ ಅವರ ಕೈ ನಡುಗಿತು.

ತುಸುವೇ ನಡುಗಿತು. ಆದರೆ ಹೆಬ್ಬೆರಳು ಸಿರಿಂಜಿನ ದಂಡವನ್ನು ಹಿಂದಕ್ಕೆ ಜಗ್ಗಿತು. ಒಂದು ಗಾಳಿಗುಳ್ಳೆ ಒಳಗೆ ಹೊಕ್ಕು ದ್ರಾವಣದ ನಡುವೆ ಮೇಲೇರಿತು. ಅಕ್ಕೋರ ಕಣ್ಣು ಆಚೆಯ ಬಿರಡೆಯ ಮೇಲಿತ್ತು. ಮೈಲಾರಿಯ ಕಣ್ಣು ಗುಳ್ಳೆಯ ಮೇಲಿತ್ತು.

ಸಂಜೆಗೆ ಫ್ಲಾಸ್ಕಿನ ಗಾಜಿಗೆ ಮಸಿ ಹಿಡಿದಿತ್ತು. ಹಿಡಿದುಕೊಳ್ಳುವವರಿಲ್ಲದ ಪಲ್ಲೇಡಿಯಂ ಹಾಗೆ ಕಪ್ಪಾಗಿ ಬಿದ್ದುಬಿಡುತ್ತದೆ. ಯಂತ್ರಕ್ಕೆ ಹಾಕಿ ನೋಡಿದರೆ, ಫಾಸ್ಫೀನಿನ ಹೆಚ್ಚುಪಾಲು ಆಕ್ಸೈಡ್.

ಅಕ್ಕೋರು ಕಪ್ಪು ಫ್ಲಾಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗಾಳಿ ಎಲ್ಲಿಂದ ಬಂತು ಮೈಲಾರಿ?"

ಅವನು ಬಾಯಿ ತೆರೆದ. ಎದುರಿಗೆ ಅವರ ಮುಖ ಇತ್ತು. ಅವನ ಬಾಯಿಂದ ಬೇರೆಯೇ ಮಾತು ಬಂತು.

"ನಂದ ತಪ್ಪರಿ. ದ್ರಾವಕದಾಗ ಗಾಳಿ ಉಳದಿತ್ತು ಕಾಣ್ತೈತಿ. ನಾನ ಸರಿ ತಗದಿಲ್ಲ."

"ನೀನು?"

"ಹೌದ್ರಿ."

ಅಕ್ಕೋರು ಅವನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅವನ ಬೆನ್ನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು. ಇನ್ನೊಂದ ಪಾಲು ಐತಲ್ಲ," ಅಂದರು.

ಬೆನ್ನ ಮೇಲಿನ ಆ ಕೈ ನಡುಗುತ್ತಿರುವುದು ಅವನಿಗೆ ಅಂಗಿಯೊಳಗಿಂದಲೇ ತಿಳಿಯಿತು.

ಆಮೇಲೆ ಅವನಿಗೆ ಎಲ್ಲೆಲ್ಲೂ ಅದೇ ಕಾಣತೊಡಗಿತು. ಬೋರ್ಡಿನ ಮೇಲೆ ಅಕ್ಕೋರ ಅಕ್ಷರ ಸಣ್ಣದಾಗುತ್ತಾ ಹೋಗಿ ಸಾಲಿನ ಕೊನೆಗೆ ಇರುವೆಯಷ್ಟಾಗುತ್ತಿತ್ತು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಅದನ್ನು ಅವರು ಚಳಿಗೆ ಅನ್ನುತ್ತಿದ್ದರು. ಬೇಸಿಗೆಯಲ್ಲೂ ಅನ್ನುತ್ತಿದ್ದರು.

ಬೇರೆ ಯಾರೂ ಗಮನಿಸಿದಂತಿರಲಿಲ್ಲ. ಬಹುಶಃ ಅಕ್ಕೋರೂ ಗಮನಿಸಿರಲಿಲ್ಲ.

ಹೇಳಬೇಕು ಎಂದುಕೊಂಡು ಅವನು ಅವರ ಕೋಣೆಯ ತನಕ ಹೋಗುತ್ತಿದ್ದ. "ಏನೋ?" ಅನ್ನುತ್ತಿದ್ದರು. "ಏನಿಲ್ರಿ," ಅಂದು ಬರುತ್ತಿದ್ದ. ಅಕ್ಕೋರಿಗೆ ಮದುವೆ ಇಲ್ಲ, ಮನೆಯ ಗೊಡವೆ ಇಲ್ಲ, ಆ ಮೇಜೇ ಎಲ್ಲ. ಈ ಕೈ ಸರಿಯಿಲ್ಲ ಎಂದು ಅವರಿಗೆ ಹೇಳುವ ನಾಲಿಗೆ ಅವನಿಗೆ ಇರಲಿಲ್ಲ. ಅವನಿಗೆ ಅವರ ಮೇಲೆ ಅಷ್ಟು ಪ್ರೀತಿ.

ಪ್ರೀತಿಗೆ ಬುದ್ಧಿ ಕಡಿಮೆ ಇದ್ದಾಗ ಅದು ಉಪಾಯ ಹುಡುಕುತ್ತದೆ. ಮೈಲಾರಿಗೂ ಒಂದು ಉಪಾಯ ಹೊಳೆಯಿತು.

"ನಾಳೆ ಎರಡನೇ ಪಾಲು ಕೂಡಸೂಣು," ಎಂದು ಬೇಸಿಗೆಯ ಕೊನೆಗೆ ಒಂದು ದಿನ ಅಕ್ಕೋರು ಅಂದರು.

"ಹೂಂನ್ರಿ," ಅಂದ.

ಮರುದಿನ ಅವನು ತನ್ನ ಹರಳನ್ನು ಮುಟ್ಟಲಿಲ್ಲ. ಕಪಾಟಿನ ಡಬ್ಬಿಯಿಂದ ಅಂಗಡಿಯ ಫಾಸ್ಫೀನ್ ತೆಗೆದು, ಅದನ್ನು ಕರಗಿಸಿ ಮೇಜಿನ ಮೇಲಿಟ್ಟ. ಕರಗಿದ ಮೇಲೆ ನೋಡಲು ಎರಡು ಫಾಸ್ಫೀನೂ ಒಂದೇ, ನೀರಿನ ಬಣ್ಣ. ಅಕ್ಕೋರ ಕೈ ತನ್ನ ಶಾಸ್ತ್ರ ಮುಗಿಸಲಿ. ಅವರು ಮನೆಗೆ ಹೋದ ಮೇಲೆ ನಿಜವಾದದ್ದನ್ನು ತಾನೇ ಕೂಡಿಸಿ, ಇದು ನಿಮ್ಮ ಕೈಯದೇ ಎಂದು ಮುಂದೆ ಹಿಡಿದರಾಯಿತು. ಅವರ ಮರ್ಯಾದೆಯೂ ಉಳಿಯುತ್ತದೆ, ಫಾಸ್ಫೀನೂ ಉಳಿಯುತ್ತದೆ.

ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡು ಪೇಡೆಯನ್ನೂ ತಂದಿದ್ದ.

ಅಕ್ಕೋರು ಕನ್ನಡಕ ಸರಿಮಾಡಿಕೊಂಡು ಸಿರಿಂಜು ಹಿಡಿದರು. ಎಳೆದರು. ಸೂಜಿ ಹೊರಗೆ ಬಂತು. ಕೈ ನಡುಗಿತು. ಗುಳ್ಳೆ ಏರಿತು.

ಮೈಲಾರಿ ಈ ಸಲ ಅವರ ಮುಖ ನೋಡಲಿಲ್ಲ. ನೋಡಿದ್ದರೆ ಅವರ ಕಣ್ಣು ಗುಳ್ಳೆಯ ಮೇಲಿದ್ದದ್ದು ತಿಳಿಯುತ್ತಿತ್ತು.

ಅವರು ಆಚೆಯ ಬಿರಡೆಗೆ ಚುಚ್ಚಿ, ಒತ್ತಿ, ಸಿರಿಂಜನ್ನು ಮೇಜಿನ ಮೇಲಿಟ್ಟರು.

"ನಾ ಒಂಚೂರು ಹೊರಗ ಕುಂದರ್ತೀನಿ," ಅಂದು ಹೋದರು.

ಕಿಟಕಿಯಿಂದ ನೋಡಿದಾಗ ಬೇವಿನ ಕಟ್ಟೆಯ ಮೇಲೆ ಕೂತಿದ್ದು ಕಂಡಿತು. ವಯಸ್ಸಾಗಿದೆ, ದಣಿದಿದ್ದಾರೆ ಎಂದುಕೊಂಡ. ಫ್ಲಾಸ್ಕಿನಲ್ಲಿ ನಿಂಬೆ ಬಣ್ಣ ಮೂಡತೊಡಗಿತ್ತು. ಅವನಿಗೆ ನೆಮ್ಮದಿಯಾಯಿತು.

ಅಕ್ಕೋರು ಬಹಳ ಹೊತ್ತಾದ ಮೇಲೆ ಒಳಗೆ ಬಂದರು. ಕಣ್ಣು ಕೆಂಪಾಗಿತ್ತು. ಮೇಜಿನ ಕಡೆ ಹೋಗದೆ ನೇರವಾಗಿ ಅವನ ಎದುರಿಗೆ ನಿಂತರು.

"ಮೈಲಾರಿ, ನಿಂದ ನಾ ಕೆಡಿಸಿದೆ."

ಅವನು ಗಾಬರಿಯಾದ. "ಇಲ್ರಿ ಅಕ್ಕೋರ."

"ಕೈ ನಡಗಿ ಗಾಳಿ ಹೋತು. ನಾ ನೋಡೀನಿ. ನಿನ್ನ ವರ್ಷದ ದುಡಿತ, ನನ್ನ ಕೈಯಾಗ ಹೋತು. ಹೆಂಗ ಹೇಳೂದು ಅಂತ ಅಲ್ಲಿ ಕುಂತಿದ್ದೆ."

"ಏನೂ ಆಗಿಲ್ರಿ. ನೋಡ್ರಿ ಬೇಕಾದ್ರ, ಚಲೋನ ಬಂದೈತಿ." ಅವನು ಫ್ಲಾಸ್ಕನ್ನು ಅವರ ಮುಂದೆ ಹಿಡಿದ. ತಳದಲ್ಲಿ ನಿಂಬೆ ಬಣ್ಣದ ಪುಡಿ ಕೂತಿತ್ತು. ಮಸಿಯ ಸುಳಿವೂ ಇರಲಿಲ್ಲ.

ಅಕ್ಕೋರು ನೋಡಿದರು. ಮೊದಲು ಅವರ ಮುಖದಲ್ಲಿ ಸಂತೋಷ ಬಂತು. ಆಮೇಲೆ ಅದು ನಿಧಾನಕ್ಕೆ ಹೋಯಿತು.

"ಗಾಳಿ ಹೋಗೈತಿ. ಆದ್ರೂ ಕೆಟ್ಟಿಲ್ಲ."

"ಹೌದ್ರಿ. ದೇವರ ದಯಾ."

"ನಿನ್ನ ಫಾಸ್ಫೀನ್ ದೇವರ ಮಾತ ಯಾವಾಗ ಕೇಳೈತಿ?"

ಮೈಲಾರಿ ಫ್ಲಾಸ್ಕನ್ನು ಮೇಜಿನ ಮೇಲಿಟ್ಟ.

"ಈ ಹಳದಿ ನನಗ ಗೊತ್ತಿಲ್ಲೇನು? ಇಲ್ಲಿ ಬಂದ ಪ್ರತಿ ಹುಡುಗನ ಕಡೆಯಿಂದ ಮೊದಲ ಮಾಡಸೂದು ಇದನ್ನ. ಫ್ಲಾಸ್ಕಿನ್ಯಾಗ ಏನ್ ಹಾಕಿದ್ದಿ?"

"ನಂದ ಹಾಕಿದ್ದೆ," ಅಂದ. ಸಣ್ಣ ದನಿಯಲ್ಲಿ ಅಂದ.

ಅಕ್ಕೋರು ಮತ್ತೆ ಕೇಳಲಿಲ್ಲ. ತೊಳೆದಿಟ್ಟ ಒಂದು ಸಿರಿಂಜು ತೆಗೆದುಕೊಂಡರು. ಒಂದು ಬಾಟಲಿಯಿಂದ ಬರೀ ದ್ರಾವಕ ಎಳೆದುಕೊಂಡರು. ಸೂಜಿಯನ್ನು ಹೊರಗೆ ತೆಗೆದು, ಅವನ ಕಣ್ಣೆದುರಿಗೆ ಆ ಒಂದು ಗೇಣನ್ನು ನಿಧಾನವಾಗಿ ದಾಟಿಸಿದರು. ಕೈ ನಡುಗಿತು. ಗುಳ್ಳೆ ಏರಿತು.

"ಏನ್ ನೋಡಿದಿ?"

"ಏನಿಲ್ರಿ."

ಮತ್ತೆ ಎಳೆದರು. ಮತ್ತೆ ದಾಟಿಸಿದರು. ಮತ್ತೆ ಗುಳ್ಳೆ.

"ಏನ್ ನೋಡಿದಿ?"

"ಅಕ್ಕೋರ, ಬ್ಯಾಡ್ರಿ."

ಮತ್ತೆ ಎಳೆದರು. ಈ ಸಲ ಕೈ ಇನ್ನೂ ಜೋರಾಗಿ ನಡುಗಿತು. ಸೂಜಿಯಿಂದ ಒಂದು ಹನಿ ಮೇಜಿನ ಮೇಲೆ ಬಿದ್ದು ಆರಿಹೋಯಿತು.

"ಏನ್ ನೋಡಿದಿ ಮೈಲಾರಿ?"

"ನಿಮ್ಮ ಕೈ ನಡಗತೈತ್ರಿ," ಅಂದವನು ಅಳತೊಡಗಿದ.

ಅಕ್ಕೋರು ಸಿರಿಂಜು ಕೆಳಗಿಟ್ಟರು. ಸ್ಟೂಲು ಎಳೆದು ಅವನನ್ನು ಕೂರಿಸಿದರು. ತಾವೂ ಎದುರಿಗೆ ಕೂತರು.

"ಯಾವಾಗಿಂದ ನೋಡಾಕತ್ತಿ?"

"ಮೊದಲನೇ ಪಾಲು ಕೂಡಿಸಿದಾಗಿಂದ್ರಿ."

"ಅವತ್ತು ಗಾಳಿ ಹೋಗಿದ್ದು?"

"ಹಿಂಗ ಹೋಗಿತ್ರಿ. ದ್ರಾವಕ ಸರಿ ಇತ್ತು."

ಅಕ್ಕೋರು ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನು ಬೇರೆ ಯಾರದ್ದೋ ಎಂಬಂತೆ ನೋಡಿದರು. ಬೆರಳು ತಮ್ಮಷ್ಟಕ್ಕೆ ತಾವು ಅಲ್ಲಾಡುತ್ತಿದ್ದವು.

"ನಾ ನಿನ್ನ ಮಾತ ನಂಬಿದೆ. ದ್ರಾವಕದ್ದ ತಪ್ಪು ಅಂತ ನಂಬಿ, ಇವತ್ತ ತಿರುಗಿ ಸಿರಿಂಜ್ ಹಿಡಿದೆ. ನೀ ಖರೇ ಹೇಳಿದ್ರ ಹಿಡೀತಿದ್ದಿಲ್ಲ. ನೀ ಆಟ ಹೂಡಿರಲಿಲ್ಲ ಅಂದ್ರ ಇವತ್ತ ಎರಡನೇ ಪಾಲೂ ಹೋಗತಿತ್ತು."

"ತಪ್ಪಾತ್ರಿ."

"ಇನ್ನೂ ಮುಗಿದಿಲ್ಲ. ಲೋಟಾ ಹಿಡಿಯೂವಾಗ ಅಲ್ಲಾಡ್ತೈತಿ ಅನ್ನೂದು ನನಗೂ ಗೊತ್ತಿತ್ತು. ವಯಸ್ಸಾತು, ನಿದ್ದಿ ಕಡಿಮಿ ಅಂತ ಬಿಟ್ಟಿದ್ದೆ. ಸಿರಿಂಜ್ ಹಿಡಿದಾಗೂ ನಡಗತೈತಿ ಅಂತ ಗೊತ್ತಾಗಿದ್ರ ಅವತ್ತ ಡಾಕ್ಟರ್ ಕಡೆ ಓಡತಿದ್ದೆ. ಬೇಸಿಗಿಯೆಲ್ಲಾ ಹೋತಲ್ಲೋ ಹುಡುಗಾ."

ಮೈಲಾರಿಗೆ ಅದು ಹೊಳೆದೇ ಇರಲಿಲ್ಲ. ಅವರ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡಿದ್ದ. ಅಷ್ಟು ದಿನ ಅವರ ರೋಗವನ್ನು ಕಾಯುತ್ತಿದ್ದ. ಅವನಿಗೆ ತಲೆ ಎತ್ತಲಾಗಲಿಲ್ಲ.

"ನಿಮಗ ನೋವ ಆಗಬಾರದು ಅಂತ ಮಾಡಿದ್ನಿರಿ."

"ಮಾಡಿದಿ. ಆದ್ರ ಆ ಬೇವಿನ ಕಟ್ಟಿ ಮ್ಯಾಲೆ ನಾ ಪಟ್ಟ ನೋವು, ಈ ಜನ್ಮದಾಗ ಬ್ಯಾರೆ ಯಾವಾಗೂ ಪಟ್ಟಿಲ್ಲ."

ಮೇಜಿನ ತುದಿಯ ಎಣ್ಣೆಯ ಬಾಟಲಿಯೊಳಗಿಂದ ನೈಟ್ರೋಜನ್ ಗುಳುಗುಳು ಎದ್ದು ಹೋಗುತ್ತಿತ್ತು.

ಅಕ್ಕೋರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ನಿಂದ ಎಲ್ಲೈತಿ?"

"ಫ್ರಿಜ್ಜಿನ್ಯಾಗ ಐತ್ರಿ. ಹಂಗ ಐತಿ."

"ತಗೊಂಡ ಬಾ. ಕರಗಿಸು."

ಅವನು ತಂದ. ನೈಟ್ರೋಜನ್ ಹರಿಸಿ, ದ್ರಾವಕ ಹಾಕಿ ಕರಗಿಸಿದ. ಎರಡು ಫ್ಲಾಸ್ಕು ಮತ್ತೆ ಮೇಜಿನ ಮೇಲೆ ಬಂದವು. ಅವನು ಸಿರಿಂಜನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕೋರ ಮುಂದೆ ಚಾಚಿದ.

"ನಿಮ್ಮ ಕೈಲೆ ಆಗ್ಲಿರಿ."

"ಈಗ ಇಷ್ಟೊತ್ತು ಏನ್ ಹೇಳಿದೆ ನಾ?"

"ಕೆಟ್ರ ಕೆಡ್ಲಿ ಬಿಡ್ರಿ. ನಿಮ್ಮ ಕೈಲೆ ಆಗದ ಇರೂದು ನನಗ ಬ್ಯಾಡ್ರಿ. ಪದ್ಧತಿ ಐತಲ್ರಿ."

"ಪದ್ಧತಿ." ಅಕ್ಕೋರು ನಕ್ಕರು. ಬಹಳ ದಿನದ ಮೇಲೆ ನಕ್ಕರು. "ಅದು ಹೆಂಗ ಹುಟ್ಟಿತು ಗೊತ್ತೈತೇನು?"

"ನಿಮ್ಮ ಗುರುಗಳ ಕಾಲದಿಂದ ಬಂದೈತಿ ಅಂತಾರ್ರಿ."

"ಗಲಗಲಿ ಮಾಸ್ತರು. ನಾ ಮೊದಲನೇ ಸಲ ಫಾಸ್ಫೀನ್ ಮಾಡಿದಾಗ ಅಂಜಿಕಿಗೆ ನನ್ನ ಕೈ ಗಡಗಡ ನಡಗಾಕತ್ತಿತ್ತು. ಬ್ಯಾರೆ ಪ್ರಯೋಗಶಾಲೆಯಿಂದ ನೋಡಾಕ ಬಂದವರು, ಸುತ್ತಲೂ ಬರೀ ಗಂಡಸರು ನಿಂತಿದ್ರು. ಯಾರೋ ನಕ್ಕರು. ಮಾಸ್ತರು ಬಂದು ನನ್ನ ಕೈಯಾಗಿಂದ ಸಿರಿಂಜ್ ತಗೊಂಡ್ರು. 'ಇಲ್ಲಿ ಮೊದಲನೇದ್ದು ಗುರು ಮಾಡೂದು ಪದ್ಧತಿ' ಅಂದ್ರು."

"ಹಂಗಾದ್ರ ಅದಕ್ಕಿಂತ ಮೊದಲ..."

"ಮೊದಲ ಯಾವ ಪದ್ಧತಿನೂ ಇದ್ದಿಲ್ಲ. ಅವರಿಗೆ ನಾನ ಮೊದಲನೇ ಶಿಷ್ಯೆ."

ಮೈಲಾರಿ ಸಿರಿಂಜು ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಮರುದಿನ ಕೋಣಿಗೆ ಕರೆದು ಅಂದ್ರು, ನೀಲಾ, ನಿನ್ನ ಕೈ ನಡಗಿತ್ತು, ನಾಳಿಂದ ದಿನಾ ನೀರು ಎಳದು ರೂಢಿ ಮಾಡ್ಕೋ ಅಂತ. ನಾಕ ಮಂದಿ ಮುಂದ ಮುಚ್ಚಿದ್ರು. ನನ್ನ ಮುಂದ ಮುಚ್ಚಲಿಲ್ಲ."

ಮೈಲಾರಿ ಕಣ್ಣೊರೆಸಿಕೊಂಡ.

"ಹಿಡಿ," ಅಂದರು ಅಕ್ಕೋರು.

ಮೈಲಾರಿ ಸೂಜಿ ಚುಚ್ಚಿ ಎಳೆದ. ಸಿರಿಂಜು ತುಂಬಿತು. ಅವನ ಬೆರಳುಗಳೂ ನಡುಗುತ್ತಿದ್ದವು. ಇಡೀ ವರ್ಷ ಆ ಗಾಜಿನ ಕೊಳವೆಯಲ್ಲಿತ್ತು.

"ಅಕ್ಕೋರ, ನಂದೂ ನಡಗಾಕತ್ತೈತ್ರಿ."

"ನಡಗಲಿ. ದಂಡ ಹಿಂದಕ್ಕ ಜಗ್ಗಬ್ಯಾಡ, ಅಷ್ಟ."

ಸೂಜಿ ಹೊರಗೆ ಬಂತು. ಒಂದು ಗೇಣು ದಾಟಿತು. ಆಚೆಯ ಬಿರಡೆಗೆ ಚುಚ್ಚಿತು. ಮೈಲಾರಿ ಉಸಿರು ಬಿಟ್ಟು ನಿಧಾನವಾಗಿ ಒತ್ತಿದ.

ಫ್ಲಾಸ್ಕಿನೊಳಗೆ ಪಲ್ಲೇಡಿಯಂ ದ್ರಾವಣದ ಹಳದಿ ಹನಿ ಬಿದ್ದ ಕಡೆಯಿಂದ ಕಿತ್ತಳೆಯಾಗುತ್ತಾ ಬಂತು. ನಿಂಬೆ ಬಣ್ಣ ಅಲ್ಲವೇ ಅಲ್ಲ. ಅಂಥ ಬಣ್ಣವನ್ನು ಅವರಿಬ್ಬರೂ ಹಿಂದೆ ಕಂಡಿರಲಿಲ್ಲ. ಅಕ್ಕೋರು ಮುಂದಕ್ಕೆ ಬಾಗಿ ನೋಡುತ್ತಲೇ ಇದ್ದರು, ಮೈಲಾರಿ ಅವರನ್ನು ನೋಡುತ್ತಿದ್ದ. ಸಂಜೆಯಾದರೂ ಗಾಜಿಗೆ ಮಸಿ ಹಿಡಿಯಲಿಲ್ಲ.

ಯಂತ್ರದಲ್ಲಿ ಒಂದೇ ಗೆರೆ ಎದ್ದಿತು. ಹಳೆಯ ಗೆರೆಯ ಜಾಗದಲ್ಲೂ ಅಲ್ಲ, ಆಕ್ಸೈಡಿನ ಜಾಗದಲ್ಲೂ ಅಲ್ಲ. ಪಲ್ಲೇಡಿಯಂ ಹಿಡಿದುಕೊಂಡ ರಂಜಕದ ಗೆರೆ ಅದು.

ಮೈಲಾರಿ ಪೇಡೆಯ ಪೊಟ್ಟಣ ಬಿಚ್ಚಿದ. ಅಕ್ಕೋರು ಎರಡೂ ಕೈಯಲ್ಲಿ ಒಂದು ಪೇಡೆ ಹಿಡಿದುಕೊಂಡರು. ಅದು ಚಳಿಗೆ ಎಂದು ಈ ಸಲ ಅನ್ನಲಿಲ್ಲ.

"ನಾಳೆ ಮುಂಜಾನೆ ಡಾಕ್ಟರ್ ಕಡೆ ಹೋಗೂದೈತಿ. ನೀ ಜೊತಿಗೆ ಬಾ."

"ಬರ್ತೀನ್ರಿ."

ಅವರು ಪೇಡೆ ತಿನ್ನುವ ತನಕ ಅವನು ಕಾದ. ಕೇಳಲೋ ಬೇಡವೋ ಎಂದು ಒದ್ದಾಡಿದ. ಕೊನೆಗೆ ಕೇಳಿದ.

"ಅಕ್ಕೋರ, ಇನ್ನ ಮುಂದ ಬರೂ ಹುಡುಗರಿಗೆ ಯಾರ ಮಾಡ್ತಾರ್ರಿ?"

"ಅವರ ಕೈ ನಡಗಿದ್ರ ನೀ ಸಿರಿಂಜ್ ಹಿಡಿ. ನನ್ನ ಕೈ ನಡಗಿದ್ರ ನನಗ ಹೇಳು."